ಬಂಡೆಮ್ಮ ಕೇಳಿದ ಸೋಮವಾರಗಳು

ರಾಯಚೂರಿನ ತಾಲ್ಲೂಕದಾರ್ ಬಾಗ್‌ನಲ್ಲಿ ನೀರು ಕುಡಿದವರಿಗೆ ಬಂಡೆಮ್ಮ ಮೂರು ಪ್ರಶ್ನೆ ಕೇಳುತ್ತಿದ್ದಳು. ಯಾವ ಊರು, ದವಾಖಾನೆಗೆ ಬಂದದ್ದೋ ಕೋರ್ಟಿಗೆ ಬಂದದ್ದೋ, ಮನೆಯಲ್ಲಿ ಗುದ್ದಲಿ ಹಿಡಿಯುವವರು ಎಷ್ಟು ಮಂದಿ. ಮೂರಕ್ಕೂ ಉತ್ತರ ಬಂದ ಮೇಲೆ ಚೊಂಬು ವಾಪಸು ಇಸಿದುಕೊಂಡು ಹೇಳುತ್ತಿದ್ದಳು: "ನನಗೊಂದು ಸೋಮವಾರ ಕೊಡ್ರಿ."

ನಿಜಾಮರ ಆಳ್ವಿಕೆಯಲ್ಲಿ ಇಲ್ಲಿದ್ದ ತಾಲ್ಲೂಕದಾರನೊಬ್ಬ ಮಾಡಿಸಿದ ತೋಟ ಅದು. ನಾಲ್ಕೆಕರೆ ಜಾಗ, ರಸ್ತೆಗೆ ಮುಖ ಮಾಡಿದ ಕಲ್ಲಿನ ಕಮಾನು, ಒಳಗೆ ಹನ್ನೆರಡು ಕಲ್ಲಿನ ಆಸನ. ಪಶ್ಚಿಮದ ಅರ್ಧದಲ್ಲಿ ಊರಿನ ಪಿಂಚಣಿದಾರರು ಸಂಜೆ ಕೂತು ರೇಡಿಯೊ ಕೇಳುತ್ತಿದ್ದರು. ಪೂರ್ವದ ಅರ್ಧದಲ್ಲಿ ಮೆಟ್ಟಿಲ ಬಾವಿಯಿತ್ತು, ಬಾವಿಯ ದಂಡೆಗೆ ದೊಡ್ಡ ಹುಣಸೆ ಮರ. ಅದು ಹಳ್ಳಿಯವರ ಜಾಗ. ರೋಗಿಯನ್ನು ದೊಡ್ಡ ದವಾಖಾನೆಗೆ ಸೇರಿಸಿ ಹೊರಗೆ ಕಾಯುವವರು, ಕೋರ್ಟಿನಲ್ಲಿ ಹೆಸರು ಕೂಗುವ ತನಕ ಹೋಗಲು ತಾವಿಲ್ಲದವರು ಆ ಮರದ ಕೆಳಗೆ ಬುತ್ತಿ ಬಿಚ್ಚುತ್ತಿದ್ದರು, ಮೂರು ಕಲ್ಲು ಹೂಡಿ ಅನ್ನ ಬೇಯಿಸುತ್ತಿದ್ದರು, ಕೆಲವರು ವಾರಗಟ್ಟಲೆ ಅಲ್ಲೇ ಮಲಗುತ್ತಿದ್ದರು.

ಬಂಡೆಮ್ಮ ಬಾಗ್‌ಗೆ ಬಂದದ್ದೂ ಹೀಗೆಯೇ. ಯಾಪಲದಿನ್ನಿಯ ಕುರಿ ಕಾಯುವ ಮನೆತನದ ಆಕೆ 1969ರಲ್ಲಿ ಗಂಡನನ್ನು ದವಾಖಾನೆಗೆ ಸೇರಿಸಿ ಹನ್ನೊಂದು ದಿನ ಹುಣಸೆಯ ಕೆಳಗೆ ಕಾದಳು. ಹನ್ನೆರಡನೆಯ ದಿನ ಆತ ತೀರಿಕೊಂಡ. ಆ ಹನ್ನೊಂದು ದಿನ "ಏಳು, ಇಲ್ಲಿ ಯಾಕ ಕುಂತಿ" ಎಂದು ಯಾರೂ ತನ್ನನ್ನು ಕೇಳಲಿಲ್ಲ ಎಂಬುದನ್ನು ಆಕೆ ಮುಂದೆ ಬಹಳ ಮಂದಿಗೆ ಹೇಳಿದ್ದಾಳೆ. ಎರಡು ವರ್ಷದ ಮೇಲೆ ಬಾಗ್‌ನ ಸಮಿತಿ ನೀರು ಹಾಕಲು, ಕಸ ಗುಡಿಸಲು ಆಳು ಹುಡುಕುತ್ತಿದ್ದಾಗ ತಾನಾಗಿ ಹೋಗಿ ಕೇಳಿ ಕೆಲಸಕ್ಕೆ ಸೇರಿದಳು. ಆಕೆಯ ಮೇಲೆ ಇದ್ದವರು ಗಡಿಗೆಪ್ಪ, ಬಾಗ್‌ನ ಉಸ್ತುವಾರಿ ನೋಡುವ ದರೋಗಾ. ಕೆಟ್ಟವರಲ್ಲ. ಆದರೆ ಸಮಿತಿಯಿಂದ ಕಾಗದ ಬಂದರೆ ಓದುವ ಮುಂಚೆಯೇ ಬೆವರುವ ಮನುಷ್ಯ.

ಸೋಮವಾರಗಳು ಶುರುವಾದದ್ದು 1974ರಲ್ಲಿ. ಗಿಲ್ಲೆಸುಗೂರಿನ ಏಳೆಂಟು ಗಂಡಸರು ಕೋರ್ಟಿನ ಕೆಲಸ ಮುಗಿಸಿ ಸಂಜೆ ಬಸ್ಸಿಗೆ ಕಾಯುತ್ತ ಕೂತಿದ್ದರು. ಬಾವಿಯ ಸುತ್ತ ಜಾಲಿ ಬೆಳೆದು ಮೆಟ್ಟಿಲು ಮುಚ್ಚಿತ್ತು. ಬಂಡೆಮ್ಮ ಒಬ್ಬಳೇ ಕೊಡಲಿ ಬೀಸುವುದನ್ನು ನೋಡಿ ಅವರು ಎದ್ದು ಬಂದು ಎರಡು ತಾಸಿನಲ್ಲಿ ಕಡಿದು ಹಾಕಿದರು. ಊರಲ್ಲಿ ಕೆಲಸ ಇಲ್ಲವೇ ಎಂದು ಕೇಳಿದ್ದಕ್ಕೆ ಒಬ್ಬ ಹೇಳಿದ: "ಇವತ್ತು ಸೋಮವಾರಲ್ಲೇನಬೇ. ಎತ್ತಿಗೆ ನೊಗ ಇಡಂಗಿಲ್ಲ. ಎತ್ತು ಖಾಲಿ, ನಾವೂ ಖಾಲಿ."

ಈ ಸೀಮೆಯ ಶಿವಭಕ್ತ ಒಕ್ಕಲಿಗರು ಸೋಮವಾರ ಬಸವಣ್ಣನ ದಿನವೆಂದು ಎತ್ತು ಹೂಡುವುದಿಲ್ಲ. ಕುರಿಗೆ ವಾರದ ರಜೆ ಇಲ್ಲದ್ದರಿಂದ ಬಂಡೆಮ್ಮನಿಗೆ ಅದು ಹೊಸ ಸುದ್ದಿ. ಅಂದಿನಿಂದ ಹುಣಸೆಯ ಕೆಳಗೆ ಕೂತ ಪ್ರತಿಯೊಬ್ಬರಿಂದ ಒಂದು ಸೋಮವಾರ ಕೇಳತೊಡಗಿದಳು. ಓದು ಬರಹ ಬಾರದ ಆಕೆ ಊರುಗಳನ್ನು ಆಸನಗಳ ಮೇಲೆ ನೆನಪಿಟ್ಟುಕೊಂಡಿದ್ದಳು. ಬಾವಿಯ ಪಕ್ಕದ್ದು ಕುರ್ಡಿ, ಕಾಲು ಮುರಿದದ್ದು ದೇವದುರ್ಗ, ಕಮಾನಿನ ಹತ್ತಿರದ್ದು ಗಿಲ್ಲೆಸುಗೂರು. ಬಸ್ಸಿನ ಕಂಡಕ್ಟರುಗಳ ಕೈಯಲ್ಲಿ ಹೇಳಿ ಕಳಿಸಿದರೆ ತಿಂಗಳಿಗೊಂದು ಸೋಮವಾರ ಇಪ್ಪತ್ತು ಮಂದಿಯಾದರೂ ಬಸ್ಸಿಳಿಯುತ್ತಿದ್ದರು. 1977ರಲ್ಲಿ ಮಾನ್ವಿಯ ಅಕ್ಕಿ ಗಿರಣಿ ಮನೆಯ ಶಿವಬಸಮ್ಮ ಸೊಸೆಯ ಹೆರಿಗೆಗೆ ಬಂದು ಆರು ದಿನ ಬಾಗ್‌ನಲ್ಲಿ ಕಳೆದರು. ಆಮೇಲೆ ಪ್ರತಿ ಸಲ ಎರಡು ಚೀಲ ಮಂಡಾಳು, ಎಂದರೆ ಮಂಡಕ್ಕಿ, ಹೊರಿಸಿಕೊಂಡು ಬಂದು, ಕೆಲಸ ಮಾಡಿದವರಿಗೆ ಒಗ್ಗರಣೆ ಹಾಕಿ ಕೊಡುವುದು ಅವರ ಪಾಲಿನದಾಯಿತು.

1983ರ ಏಪ್ರಿಲಿನಲ್ಲಿ ಸಮಿತಿಯ ಕಾಗದ ಬಂತು. ಗಡಿಗೆಪ್ಪ ಅದನ್ನು ಎರಡು ಸಲ ಓದಿದರು, ಮೂರನೆಯ ಸಲ ಬಂಡೆಮ್ಮನಿಗಾಗಿ ಗಟ್ಟಿಯಾಗಿ ಓದಿದರು. ಬಾಗ್‌ನ ಪೂರ್ವ ಭಾಗ ಹಾಳು ಬಿದ್ದಿದೆ, ಸಾರ್ವಜನಿಕರ ಬಳಕೆಯಲ್ಲಿಲ್ಲ. ಬಾವಿ ಮುಚ್ಚಿ ಮರ ತೆಗೆಸಿ ಲಾರಿ ನಿಲ್ದಾಣಕ್ಕೆ ಕೊಡುವ ವಿಚಾರವಿದೆ. ಮೇ 17ರ ಮಂಗಳವಾರ ಬೆಳಿಗ್ಗೆ ಹತ್ತಕ್ಕೆ ಅಧ್ಯಕ್ಷರು ಖುದ್ದು ನೋಡಿ ತೀರ್ಮಾನಿಸುತ್ತಾರೆ.

"ಹುಣಸಿ ತೆಗದ್ರ ಮಂದಿ ಎಲ್ಲಿ ಕುಂದ್ರಬೇಕ್ರಿ?" ಎಂದಳು ಬಂಡೆಮ್ಮ.

"ಅದನ್ನ ನನ್ನ ಕೇಳಿದ್ರ? ಕಾಗದದಾಗ ಬರದಿಲ್ಲ," ಎಂದರು ಗಡಿಗೆಪ್ಪ.

ಕಾಗದ ಬರುವ ಮೊದಲೇ ಆಕೆ ಬಾವಿಯ ಹೂಳು ತೆಗೆಸಲು ಶುರು ಮಾಡಿದ್ದಳು. ಈಗ ಹಟ ಹಿಡಿದು ನಾಲ್ಕು ಸೋಮವಾರ ಒಂದರ ಹಿಂದೊಂದು ಜನ ಕರೆಸಿ ತಳ ಕಾಣಿಸಿದಳು. ಬಾವಿ ಚೊಕ್ಕಟವಾಯಿತು. ಆದರೆ ಬಾವಿಯೊಳಗಿದ್ದದ್ದೆಲ್ಲ ಹೊರಗೆ ಬಂದು, ಹುಣಸೆಯ ಪಕ್ಕದಲ್ಲಿ ನಲವತ್ತು ಬಂಡಿಯಷ್ಟು ಕಪ್ಪು ಕೆಸರಿನ ದಿಬ್ಬವಾಗಿ ನಿಂತಿತು. ಬಿಸಿಲಿಗೆ ಒಣಗಿ, ನಾರಿ, ಯಾರು ನೋಡಿದರೂ ಹಾಳು ಬಿದ್ದ ಜಾಗವೆಂದೇ ಹೇಳಬೇಕು, ಹಾಗಿತ್ತು. ಸಾಹೇಬರು ಬಂದಾಗ ಬಾಗ್ ಗುಡಿಸಿದ ಅಂಗಳದ ಹಾಗೆ ಖಾಲಿಯಾಗಿ ಕಾಣಬೇಕು ಎಂದು ಬಂಡೆಮ್ಮ ತಲೆಗೆ ಹಚ್ಚಿಕೊಂಡಳು. ಗಡಿಗೆಪ್ಪನವರೂ ಹಾಗೇ ಅಂದರು.

ದಾರಿ ಇತ್ತು. ಬಾವಿಯ ಹೂಳು ಹೊಲಕ್ಕೆ ಒಳ್ಳೆಯ ಗೊಬ್ಬರ. ಬಾಗ್‌ನಿಂದ ಒಂದು ಮೈಲಿಯಲ್ಲಿ, ಊರಂಚಿನ ಒಕ್ಕಲುಗೇರಿಯಲ್ಲಿ ವಿರೂಪಣ್ಣ ಎಂಬ ಹಿರಿಯ ರೈತರಿದ್ದರು; ಅವರು ಮಾತು ಕೊಟ್ಟರೆ ಕೇರಿಯ ಒಂಬತ್ತು ಬಂಡಿ ಬರುತ್ತಿದ್ದವು. ಬಂಡೆಮ್ಮ ಕಮಾನಿನ ಮುಂದೆ ಟಾಂಗಾ ನಿಲ್ಲಿಸುವ ಮೀರಾಹುಸೇನನನ್ನು ಕರೆದು ಹೇಳಿದಳು: "ವಿರೂಪಣ್ಣಗ ಹೇಳು. ಸೋಮವಾರ ಬಂಡಿ ತಗೊಂಡು ಬರ್ರಿ, ಹೂಳು ನಿಮ್ಮ ಹೊಲಕ್ಕ ಒಯ್ಯಿರಿ ಅಂತ."

ಮರುದಿನ ಮೀರಾಹುಸೇನ ಬಂದು, ಎಲ್ಲರೂ ಹೂಂ ಅಂದಾರ, ನಕ್ಕೊಂತ ಹೂಂ ಅಂದಾರ ಎಂದ.

ಮೇ 16ರ ಸೋಮವಾರ ಎಂಟು ಗಂಟೆಗೆ ಬಾಗ್‌ನಲ್ಲಿ ಎಪ್ಪತ್ತು ಜನ ಇದ್ದರು. ದೇವದುರ್ಗದ ಮೊದಲ ಬಸ್ಸಿನಿಂದ ಹದಿನಾಲ್ಕು ಮಂದಿ ಇಳಿದರು. ಕುರ್ಡಿಯವರು ಬಂದರು. ಶಿವಬಸಮ್ಮ ಮಂಡಾಳಿನ ಚೀಲ ಬಿಚ್ಚಿದರು. ಒಕ್ಕಲುಗೇರಿಯಿಂದ ವಿರೂಪಣ್ಣನ ಹಿಂದೆ ಇಪ್ಪತ್ತು ಗಂಡಸರು ಹೆಗಲ ಮೇಲೆ ಸಲಿಕೆ ಹೊತ್ತು, ಬುಟ್ಟಿ ಹಿಡಿದು, ನಡೆದುಕೊಂಡು ಬಂದರು.

ಬಂಡೆಮ್ಮ ಅವರ ಬೆನ್ನ ಹಿಂದೆ ರಸ್ತೆ ನೋಡಿದಳು.

"ಬಂಡಿ ಎಲ್ಲಿ ಅದಾವ ಯಣ್ಣಾ?"

"ಯಾವ ಬಂಡಿ ಬೇ?"

"ಹೂಳು ಒಯ್ಯೋ ಬಂಡಿ! ಮೀರಾಹುಸೇನ ಹೇಳಿಲ್ಲೇನು?"

"ಹೇಳಿದ್ನಲ್ಲ," ಎಂದರು ವಿರೂಪಣ್ಣ ಸಮಾಧಾನವಾಗಿ. "ಅವ ಟಾಂಗಾದಂವ, ಅವಗೇನ ಗೊತ್ತು. ಸೋಮವಾರ ಯಾರರ ಬಂಡಿ ಹೂಡ್ತಾರೇನು? ಬಂಡೆಮ್ಮ ಯಾವತ್ತಿನಂಗ ಆಳು ಕೇಳ್ಯಾಳ, ಇವ ತನ್ನದೊಂದಿಷ್ಟು ಸೇರಿಸ್ಯಾನ ಅಂದ್ಕೊಂಡ್ವಿ."

ಮೀರಾಹುಸೇನ ಟಾಂಗಾದಿಂದ ಜಿಗಿದ. "ನಾ ಸೇರಿಸಿದ್ನಾ? ಅಲ್ಲಾ ಕಸಮ್, ಬಂಡಿ ಅಂತ ಮೂರು ಸಲ ಹೇಳೀನಿ. ನೀವು ನಕ್ಕೀರಿ."

"ನಕ್ಕಿದ್ದು ಅದಕ್ಕ ಲೇ!"

ಸುತ್ತಲಿದ್ದವರು ಮತ್ತೆ ನಕ್ಕರು. ಬಂಡೆಮ್ಮ ನಗಲಿಲ್ಲ. ಒಂಬತ್ತು ವರ್ಷ ಆಕೆಯ ಬಾಗ್ ನಡೆದದ್ದು ಎತ್ತುಗಳ ರಜೆಯ ಮೇಲೆ. ಜನ ಬೇಕಾದಾಗೆಲ್ಲ ಸೋಮವಾರ ಎಂದು ಬಾಯಿ ರೂಢಿಯಾಗಿತ್ತು. ಎತ್ತೇ ಬೇಕಾದ ದಿನವೂ ಬಾಯಿ ಅದನ್ನೇ ಅಂದಿತ್ತು. ತಪ್ಪು ಮೀರಾಹುಸೇನನದಲ್ಲ ಎಂದು ಆಕೆ ಎಲ್ಲರ ಮುಂದೆ ಹೇಳಿದಳು. ಆಮೇಲೆ ಬಾವಿಕಟ್ಟೆಗೆ ಕೈ ಊರಿ ನಿಂತಳು.

"ನಾಳೆ ಹತ್ತಕ್ಕ ಸಾಹೇಬರು ಬರ್ತಾರಣ್ಣಾ. ಇದು ಹಿಂಗ ಕಂಡ್ರ ಹುಣಸಿ ಹೋತು."

"ಬೆಳಕು ಹರೀಲಿ, ಹೂಡ್ತೀವಿ," ಎಂದರು ವಿರೂಪಣ್ಣ.

"ಇವತ್ತ ಒಂದು ಸಲ..."

"ಬಂಡೆಮ್ಮ." ಅವರು ದನಿ ಏರಿಸಲಿಲ್ಲ. "ಸೋಮವಾರ ನಮ್ಮಪ್ಪ ಬಾರುಕೋಲು ಮುಟ್ಟಿಲ್ಲ. ನನ್ನ ಕಡಿಂದ ಮುಟ್ಟಿಸಬ್ಯಾಡ."

ಆಕೆ ಮತ್ತೆ ಕೇಳಲಿಲ್ಲ. ಮೀರಾಹುಸೇನ ತನ್ನ ಕುದುರೆಗೆ ಸೋಮವಾರ ಮಂಗಳವಾರ ಯಾವುದೂ ಗೊತ್ತಿಲ್ಲವೆಂದು ಟಾಂಗಾದಲ್ಲಿ ಹೂಳಿನ ಚೀಲ ಹೇರಿದ. ಎರಡನೆಯ ಸರದಿಗೆ ಕುದುರೆ ರಸ್ತೆ ನಡುವೆ ನಿಂತುಬಿಟ್ಟಿತು. ಒಕ್ಕಲುಗೇರಿಯವರು ಅದಕ್ಕೂ ಬಸವಣ್ಣನ ಮೇಲೆ ಭಕ್ತಿ ಹುಟ್ಟಿತೆಂದು ಅವನನ್ನು ಕಾಡಿದರು. ಉಳಿದವರು ಹುಣಸೆಯಿಂದ ಕಮಾನಿನ ತನಕ ಸಾಲಾಗಿ ನಿಂತು ಬುಟ್ಟಿಗಳನ್ನು ಕೈಯಿಂದ ಕೈಗೆ ದಾಟಿಸಿದರು. ನಾಳೆ ಬಂಡಿ ತುಂಬುವುದಾದರೂ ಬೇಗ ಆಗಲಿ ಎಂದು. ಸಂಜೆಗೆ ದಿಬ್ಬ ಕರಗಲಿಲ್ಲ, ಜಾಗ ಬದಲಿಸಿತು. ಮೊದಲು ಒಳಗೆ ಮೂಲೆಯಲ್ಲಿದ್ದದ್ದು ಈಗ ಬಾಗಿಲಲ್ಲೇ ಕಾಣುತ್ತಿತ್ತು.

ಇನ್ನೊಂದು ತೊಡಕು ಸಂಜೆ ತಿಳಿಯಿತು. ಮಂಗಳವಾರ ಎತ್ತು ಹೂಡುವ ದಿನ. ಹಳ್ಳಿಯ ಗಂಡಸರು ಉಳಿಯುವಂತಿರಲಿಲ್ಲ. ಆರು ಗಂಟೆಯ ಬಸ್ಸುಗಳಿಗೆ ಅವರು ಹೊರಟರು. ಇಪ್ಪತ್ತೆಂಟು ಹೆಂಗಸರು ಉಳಿದರು.

"ನೀವೂ ಹೋಗ್ರೆವ್ವಾ, ಮನ್ಯಾಗ ಕಾಯ್ತಿರ್ತಾರ," ಎಂದಳು ಬಂಡೆಮ್ಮ ಶಿವಬಸಮ್ಮನಿಗೆ.

"ನಮ್ಮ ಗಿರಣಿ ಸೋಮವಾರನೂ ತಿರುಗ್ತದ, ಮಂಗಳವಾರನೂ ತಿರುಗ್ತದ. ನಾ ಹೋದ್ರೂ ತಿರುಗ್ತದ, ಹೋಗಲಿಲ್ಲಂದ್ರೂ ತಿರುಗ್ತದ. ಸುಮ್ನ ಕುಂದ್ರು," ಎಂದರು ಶಿವಬಸಮ್ಮ.

ಮಂಗಳವಾರ ಐದೂವರೆಗೆ ಬೆಳಕು ಹರಿಯಿತು. ಬಂಡೆಮ್ಮ ಕಮಾನಿನ ಕೆಳಗೆ ನಿಂತಿದ್ದಳು. ಆರಾಯಿತು, ರಸ್ತೆಯಲ್ಲಿ ಹಾಲಿನವನ ಸೈಕಲ್ ಮಾತ್ರ. ಮಾತು ಕೊಟ್ಟ ಮನುಷ್ಯ, ಬರುತ್ತಾರೆ ಎಂದು ಒಮ್ಮೆ, ನಿನ್ನೆ ತಾನು ಕೇಳಬಾರದ್ದನ್ನು ಕೇಳಿ ಅವರ ಮನಸ್ಸು ಕೆಡಿಸಿದೆ ಎಂದು ಒಮ್ಮೆ ಅನಿಸಿತು. ಆರು ಇಪ್ಪತ್ತಕ್ಕೆ ಗೆಜ್ಜೆ ಕೇಳಿಸಿತು. ಒಂಬತ್ತು ಬಂಡಿ. ಎತ್ತುಗಳಿಗೆ ನೀರು ಕುಡಿಸಿ ಬರುವುದು ತಡವಾಯಿತೆಂದರು ವಿರೂಪಣ್ಣ.

ಒಂದು ಸರದಿಗೆ ಒಂದು ತಾಸು ಕಾಲು. ಒಂಬತ್ತಕ್ಕೆ ಎರಡು ಸರದಿ ಮುಗಿದು ಮೂರನೆಯದು ತುಂಬುತ್ತಿದ್ದರು. ದಿಬ್ಬ ಇನ್ನೂ ಸೊಂಟದೆತ್ತರ ಇತ್ತು. ಅಂಗಳ ತುಂಬ ಚಕ್ರದ ಗೀರು, ಸಗಣಿ, ಚೆಲ್ಲಿದ ಕೆಸರು. ಹುಣಸೆಯ ಕೆಳಗೆ ದವಾಖಾನೆಯ ಮಂದಿ ಎಂದಿನಂತೆ ಒಲೆ ಹೊತ್ತಿಸಿದ್ದರು. ಇನ್ನೊಂದು ತಾಸು ಸಿಕ್ಕರೆ ಕಸಬರಿಗೆ ಆಡಿಸಬಹುದೆಂದು ಬಂಡೆಮ್ಮ ಲೆಕ್ಕ ಹಾಕುತ್ತಿದ್ದಳು. ಒಂಬತ್ತು ಹತ್ತಕ್ಕೆ ಜೀಪು ಬಂತು.

ಕಮಾನಿನಲ್ಲಿ ವಿರೂಪಣ್ಣನ ಬಂಡಿ ನಿಂತಿತ್ತು. ಜೀಪಿನ ಹಾರನ್ನಿಗೆ ಎಡದೆತ್ತು ಹಿಂದೆ ಸರಿಯಿತು, ಬಲದೆತ್ತು ಕದಲಲಿಲ್ಲ. ಬಂಡಿ ಅಡ್ಡವಾಗಿ ಸಿಕ್ಕಿಕೊಂಡಿತು. ಡ್ರೈವರ್ ಬೈದ. ಅಧ್ಯಕ್ಷರು ಇಳಿದು, ಎತ್ತಿನ ಬಾಲ ತಪ್ಪಿಸಿಕೊಂಡು, ಗೋಡೆಗೆ ಒತ್ತಿ ಒಳಗೆ ಬಂದರು. ಗುಮಾಸ್ತ ಕಡತ ಹಿಡಿದು ಹಿಂದೆ ಬಂದ. ಗಡಿಗೆಪ್ಪ ಕೈ ಮುಗಿದು, "ಇದು ಇವತ್ತೊಂದಿನ ಸಾಹೇಬ್ರ, ದಿನಾ ಹಿಂಗಿರಂಗಿಲ್ಲ," ಎಂದರು.

ಅಧ್ಯಕ್ಷರು ಅವರನ್ನು ಬಿಟ್ಟು, ಬುಟ್ಟಿ ಹೊತ್ತು ನಿಂತಿದ್ದ ಶಿವಬಸಮ್ಮನನ್ನು ಕೇಳಿದರು. "ಕೂಲಿಗೆ ಬಂದೀರೇನವ್ವಾ?"

"ಕೂಲಿ ಯಾರ್ ಕೊಡ್ತಾರ್ರೀ. ಮಾನ್ವಿಯಾಕಿ ನಾನು. ಈ ಗಿಡದ ಬುಡಕ ನನ್ನ ಸೊಸಿ ಬ್ಯಾನಿ ತಿಂದಾಳ. ಮೊಮ್ಮಗ ಈಗ ಶಾಲಿಗೆ ಹೋಗ್ತಾನ."

ಪಕ್ಕದಾಕೆ ಕುರ್ಡಿ ಎಂದಳು, ತಮ್ಮನನ್ನು ದವಾಖಾನೆಯಲ್ಲಿ ಇಟ್ಟಾಗ ಬಾವಿಯ ಪಕ್ಕದ ಆಸನದಲ್ಲಿ ಮೂರು ವಾರ ಇದ್ದೆ ಎಂದಳು. ದೇವದುರ್ಗದಾಕೆ ಕೋರ್ಟಿನ ಮಾತು ಹೇಳಿದಳು. ಒಲೆಯ ಹತ್ತಿರ ಕೂತವರು, ನಾವು ನಿನ್ನೆ ರಾತ್ರಿಯಷ್ಟೇ ಬಂದವರೆಂದು ಕೂತಲ್ಲಿಂದಲೇ ಕೂಗಿದರು. ಗುಮಾಸ್ತ ಕಡತದ ಹಿಂಬದಿಯಲ್ಲಿ ಊರುಗಳ ಹೆಸರು ಬರೆದುಕೊಳ್ಳತೊಡಗಿದ. ಹದಿನಾಲ್ಕಾದವು.

"ಇವರನ್ನೆಲ್ಲ ಕರೆಸಿದವರು ಯಾರು?" ಎಂದರು ಅಧ್ಯಕ್ಷರು.

ಎಲ್ಲರೂ ಬಂಡೆಮ್ಮನ ಕಡೆ ನೋಡಿದರು. ಆಕೆಯ ತಲೆಯ ಮೇಲೆ ತುಂಬಿದ ಬುಟ್ಟಿ ಇತ್ತು. ಇಳಿಸಲು ತೋಚಿರಲಿಲ್ಲ, ಕೆಸರು ನೀರು ಕೆನ್ನೆಯ ಮೇಲೆ ಇಳಿಯುತ್ತಿತ್ತು.

"ನಾವು ಬರೋದು ಗೊತ್ತಿತ್ತಲ್ಲ. ನಿನ್ನೇನೇ ಯಾಕ ಮುಗಿಸಲಿಲ್ಲ?"

"ನಿನ್ನಿ ಸೋಮವಾರ ಇತ್ರಿ," ಎಂದಳು.

ಅಧ್ಯಕ್ಷರು ಕಮಾನಿನಲ್ಲಿ ಸಿಕ್ಕಿಕೊಂಡಿದ್ದ ಎತ್ತುಗಳನ್ನು ತಿರುಗಿ ನೋಡಿದರು. ಬಾವಿಯ ಮೆಟ್ಟಿಲಿಳಿದು ತಳ ನೋಡಿ, ಬಂದ ಹಾಗೆಯೇ ಗೋಡೆಗೆ ಒತ್ತಿ ಹೊರಗೆ ಹೋದರು.

ಆಮೇಲಿನ ಹನ್ನೆರಡು ದಿನ ಬಂಡೆಮ್ಮ ಅಂಚೆಯವನನ್ನು ಕಮಾನಿನಲ್ಲೇ ತಡೆದು ಕೇಳುತ್ತಿದ್ದಳು. ಕಾಗದ ಬಂದಾಗ ಗಡಿಗೆಪ್ಪ ಅದನ್ನು ಆಕೆಗೆ ಗಟ್ಟಿಯಾಗಿ ಓದಿದರು. ಪೂರ್ವ ಭಾಗ ಹದಿನಾಲ್ಕು ಊರುಗಳ ಸಾರ್ವಜನಿಕರ ಬಳಕೆಯಲ್ಲಿರುವುದು ಕಂಡುಬಂದಿದೆ. ಲಾರಿ ನಿಲ್ದಾಣದ ವಿಚಾರ ಸದ್ಯಕ್ಕೆ ಕೈಬಿಡಲಾಗಿದೆ. ಮುಂದಿನ ಮೇ ತಿಂಗಳಲ್ಲಿ ಮತ್ತೊಮ್ಮೆ ಪರಿಶೀಲಿಸತಕ್ಕದ್ದು.

"ಸದ್ಯಕ್ಕ ಅಂದ್ರ ಎಷ್ಟು ದಿನಾರೀ?" ಎಂದಷ್ಟೇ ಆಕೆ ಕೇಳಿದಳು.

1984ರಲ್ಲಿ ಬಾವಿಯ ಹೂಳು ಮಾರ್ಚಿನೊಳಗೇ ಹೊರಗೆ ಬಂತು. ಒಕ್ಕಲುಗೇರಿಯವರು ಬಂಡಿ ತಂದರು, ಈ ಸಲ ಬುಧವಾರ. ಸಂಜೆಯ ಹೊತ್ತಿಗೆ ಬಹುಪಾಲು ಹೋಗಿ, ಬಾಗಿಲ ಹತ್ತಿರ ಹತ್ತು ಬಂಡಿಯಷ್ಟು ಉಳಿಯಿತು. ವಿರೂಪಣ್ಣ ಇನ್ನೊಂದು ಸರದಿಗೆ ಎತ್ತು ತಿರುಗಿಸಿದಾಗ ಬಂಡೆಮ್ಮ ಅಡ್ಡ ನಿಂತಳು.

"ಅದು ಇರಲಿ ಯಣ್ಣಾ. ತೆಗೀಬ್ಯಾಡ್ರಿ."

"ಯಾಕ ಬೇ, ನಾರ್ತದ."

"ಸಾಹೇಬರು ಬಂದು ಹೋಗೋ ತನಕ ಇರಲಿ. ಅವತ್ತು ಮಂದಿಗೆ ಹೊರಾಕ ಏನರ ಬೇಕಲ್ಲ," ಎಂದಳು ಬಂಡೆಮ್ಮ.