ಓದದೆ ಬಿಟ್ಟ ಕೆಂಪು ಸಾಲುಗಳು

ನಮ್ಮ ಭಾವನವರ ಮೂಗು ಕಂಪ್ಯೂಟರಿನ ಗಾಜಿಗೆ ತಾಗುತ್ತಿತ್ತು. ದಿನಾ ಬೆಳಿಗ್ಗೆ ಗಾಜಿನ ನಡುವೆ ಒಂದು ಎಣ್ಣೆಚುಕ್ಕೆ ಇರುತ್ತಿತ್ತು, ನಾನು ಸೆರಗಿನಲ್ಲಿ ಒರೆಸುತ್ತಿದ್ದೆ. ಸಕ್ಕರೆ ಕಾಯಿಲೆ ಅವರ ಕಣ್ಣನ್ನು ತಿನ್ನುತ್ತಾ ಬಂದು, ಕೊನೆಗೆ ಮೂಗು ತಾಗಿಸಿದರೂ ಅಕ್ಷರ ಕಾಣದಂತಾಯಿತು.

ಭಾವ ಎಂದರೆ ನನ್ನ ಯಜಮಾನರ ಅಣ್ಣ. ಮದುವೆಯಾಗಲಿಲ್ಲ. ಚಿಂತಾಮಣಿಯ ಪಾಲಿಟೆಕ್ನಿಕ್ ಒಂದರಲ್ಲಿ ಪಾಠ ಹೇಳಿ ನಿವೃತ್ತರಾಗಿ, ಶಿಡ್ಲಘಟ್ಟದ ನಮ್ಮ ಮನೆಯಲ್ಲೇ ಇದ್ದರು. ಅವರ ಕೆಲಸವನ್ನು ನನಗೆ ಅರ್ಥವಾದಷ್ಟು ಹೇಳುತ್ತೇನೆ. ಪ್ರೋಗ್ರಾಂ ಕೆಟ್ಟು ನಿಂತಾಗ, ಯಾವ ಫೈಲಿನ ಯಾವ ಸಾಲಿನಲ್ಲಿ ಕೆಟ್ಟಿತು ಎಂದು ಹುಡುಕಿಕೊಡುವ, ಬೇರೆ ಪ್ರೋಗ್ರಾಂಗಳಿಗೆ ಜೋಡಿಸಿಕೊಳ್ಳುವ ಒಂದು ಸಿದ್ಧ ಪ್ರೋಗ್ರಾಂ ಇದೆ, ಅದಕ್ಕೆ ಲೈಬ್ರರಿ ಅನ್ನುತ್ತಾರೆ. ಯಾರು ಬೇಕಾದರೂ ಪುಕ್ಕಟೆ ಬಳಸಬಹುದು, ಯಾರು ಬೇಕಾದರೂ ತಿದ್ದುಪಡಿ ಕಳಿಸಬಹುದು. ಬಂದ ತಿದ್ದುಪಡಿಯನ್ನು ಪರಿಶೀಲಿಸಿ ಒಪ್ಪಿಗೆ ಕೊಡುವ ನಾಲ್ಕೈದು ಜನರಲ್ಲಿ ಭಾವ ಒಬ್ಬರು. ಸಂಬಳವಿಲ್ಲ.

"ಅಣ್ಣಂದು ದೇವಸ್ಥಾನದ ಕಸ ಗುಡಿಸೋ ಕೆಲಸ," ಎಂದು ಯಜಮಾನರು ಅಣಕಿಸುತ್ತಿದ್ದರು.

"ಗುಡಿಸೋನೇ ಕಣೋ ಎಲ್ರಿಗಿಂತ ಮೊದಲು ಒಳಗೆ ಹೋಗೋದು," ಎಂದು ಭಾವ ನಗುತ್ತಿದ್ದರು.

ಕಣ್ಣು ಹೋದ ಮೇಲೆ ಓದುವುದು ನನ್ನ ಪಾಲಿಗೆ ಬಂತು. ಕಂಪ್ಯೂಟರೇ ಓದಿ ಹೇಳುತ್ತಿತ್ತು, ಆದರೆ ಅದರ ಓಟಕ್ಕೆ ಅವರ ಕಿವಿ ಒಗ್ಗಲಿಲ್ಲ. ನಾನು ಪಿಯುಸಿ ಓದಿದವಳು. ಅರ್ಥ ಗೊತ್ತಿಲ್ಲದೆ ಸಹಸ್ರನಾಮ ಓದುವ ಅಭ್ಯಾಸ ಇತ್ತಲ್ಲ, ಇದನ್ನೂ ಹಾಗೇ ಓದಿದೆ. ಕೆಂಪು ಸಾಲು ತೆಗೆಯುವಂಥದ್ದು, ಹಸಿರು ಸಾಲು ಸೇರಿಸುವಂಥದ್ದು. ಬ್ರಾಕೆಟ್ಟು, ಕಾಮಾ ಒಂದೂ ಬಿಡುವಂತಿಲ್ಲ. ಭಾವ ಕಣ್ಣು ಮುಚ್ಚಿ, ಮಂಡಿಯ ಮೇಲೆ ಬೆರಳಾಡಿಸುತ್ತಾ ಕೇಳುತ್ತಿದ್ದರು. ಮೂರು ದಿನದ ಹಿಂದೆ ಓದಿದ್ದ ಸಾಲನ್ನು ನೆನಪಿಟ್ಟುಕೊಂಡು, "ಇದು ಅದಕ್ಕೆ ಹೊಂದಲ್ಲ, ವಾಪಸ್ ಕಳಿಸು," ಎಂದದ್ದುಂಟು.

"ಕೆಂಪು ಮೊದಲು ಓದಮ್ಮಾ. ಏನು ಸೇರಿಸ್ದೆ ಅಂತ ಎಲ್ರೂ ಹೇಳ್ಕೋತಾರೆ. ಏನು ಕಿತ್ತಾಕ್ದೆ ಅಂತ ಯಾವನೂ ಹೇಳಲ್ಲ."

ಆ ಕಾರ್ತಿಕ ಸೋಮವಾರ ಉದ್ದನೆಯ ತಿದ್ದುಪಡಿ ಬಂದಿತ್ತು. ಈಶ್ವರನ ಗುಡಿಯಲ್ಲಿ ಅಭಿಷೇಕಕ್ಕೆ ಹೊತ್ತಾಗುತ್ತಿತ್ತು. ಕೊನೆಯಲ್ಲಿ ಒಂಬತ್ತು ಕೆಂಪು ಸಾಲು, ಅವುಗಳ ಕೆಳಗೆ ಹಸಿರು. ಹೇಗೂ ಹೋಗುವ ಸಾಲು, ಓದಿ ಆಗಬೇಕಾದ್ದೇನು ಎಂದುಕೊಂಡು ಹಸಿರಿಗೆ ಹಾರಿದೆ.

"ಇಷ್ಟೇನಾ?"

"ಇಷ್ಟೇ ಭಾವ."

ಅವರು ಒಪ್ಪಿದರು. ನಾನು ಗುಂಡಿ ಒತ್ತಿ, ಹೂವಿನ ಬುಟ್ಟಿ ಹಿಡಿದು ಓಡಿದೆ.

ಆ ಒಂಬತ್ತೂ ಕಾವಲಿನ ಸಾಲುಗಳು ಎಂದು ಆಮೇಲೆ ತಿಳಿಯಿತು. ಹಾಳಾದ ಫೈಲು ಬಂದರೆ ಮುಂದೆ ಓದಬೇಡ ಎಂದು ತಡೆಯುವಂಥವು. ತಿಂಗಳೊಳಗೆ ದೇಶದೇಶಗಳಿಂದ ದೂರು ಬಂದವು, ಕೆಟ್ಟದ್ದನ್ನು ಹುಡುಕಬೇಕಾದ ಲೈಬ್ರರಿ ತಾನೇ ಕೆಟ್ಟು ನಿಲ್ಲುತ್ತಿದೆಯೆಂದು. ಆ ಸಾಲು ಕಿತ್ತವನೇ ಎಲ್ಲರೆದುರು ಬರೆದ: ಪರಿಶೀಲಿಸುವವರು ಇರುವುದಾದರೂ ಯಾತಕ್ಕೆ? ಅದನ್ನೂ ನಾನೇ ಓದಿ ಹೇಳಬೇಕಾಯಿತು.

ಭಾವ ನನ್ನ ದನಿಯತ್ತ ಮುಖ ತಿರುಗಿಸಿದರು. "ಅವತ್ತು ಆ ಕೆಂಪು ಸಾಲು ಓದಿದ್ಯೇನಮ್ಮಾ?"

ಆಗಷ್ಟೇ ದೇವರ ಮುಂದೆ ಅಷ್ಟೋತ್ತರ ಹೇಳಿ ಬಂದ ಬಾಯಲ್ಲಿ ಹೇಳಿದೆ: "ಓದಿದ್ನಲ್ಲ ಭಾವ."

"ಹಂಗಾದ್ರೆ ತಪ್ಪು ನಂದೇ. ಕಣ್ಣಾಯ್ತು, ಈಗ ತಲೆ."

ತಪ್ಪು ನನ್ನದು, ಇನ್ನು ಮುಂದೆ ಪರಿಶೀಲಿಸುವುದಿಲ್ಲ ಎಂದು ಅವರು ಹೇಳಿ ಬರೆಸಿದರು. ಒಂದಕ್ಷರ ಬಿಡದಂತೆ ಟೈಪ್ ಮಾಡಿದೆ. ವರ್ಷಗಟ್ಟಲೆ ಪುಕ್ಕಟೆ ದುಡಿದವರಿಗೆ ಒಬ್ಬನೂ "ಇರಿ" ಎನ್ನಲಿಲ್ಲ. ಒಬ್ಬ ಹೆಬ್ಬೆರಳಿನ ಚಿತ್ರ ಹಾಕಿದ, ಅಷ್ಟೇ. ಆ ಜನರನ್ನು ನಾನು ಬೈಯಬಹುದು. ಯಾವ ಬಾಯಲ್ಲಿ ಬೈಯಲಿ?

ಆಮೇಲೆ ಭಾವ ಜಗಲಿಯಲ್ಲಿ ಕೂತು ಮಗ್ಗಿ ಹೇಳಿಕೊಳ್ಳತೊಡಗಿದರು. ತಲೆ ಎಷ್ಟು ಉಳಿದಿದೆ ಎಂದು ನೋಡಿಕೊಳ್ಳುವ ಪರೀಕ್ಷೆ. ಒಂದು ದಿನವೂ ಲೆಕ್ಕ ತಪ್ಪಲಿಲ್ಲ. ತಪ್ಪದಿದ್ದರೂ ತಲೆ ಸರಿಯಿದೆಯೆಂದು ನಂಬುತ್ತಿರಲಿಲ್ಲ. ಇವತ್ತು ಹೇಳೋಣ, ನಾಳೆ ಹೇಳೋಣ ಎನ್ನುತ್ತಾ ನಾನು ಅನ್ನ ಬಡಿಸುತ್ತಿದ್ದೆ.

ಮುಂದಿನ ಕಾರ್ತಿಕ ಅವರಿಗೆ ಸಿಗಲಿಲ್ಲ. ಚಿಕ್ಕಬಳ್ಳಾಪುರದ ಆಸ್ಪತ್ರೆಯಲ್ಲಿ ಮೂರೇ ದಿನ ಇದ್ದರು. ನರಳಲಿಲ್ಲ, ಅದೊಂದು ಈಶ್ವರನ ದಯೆ. ಕೊನೆಯ ಮಧ್ಯಾಹ್ನ ನನ್ನ ಕೈ ಹಿಡಿದುಕೊಂಡು, "ಹದಿನೇಳ್ ಎಂಟ್ಲಿ ನೂರ ಮೂವತ್ತಾರು. ಸರೀನಾ ಅಮ್ಮಾ?" ಎಂದರು.

"ಸರಿ ಭಾವ. ನಿಮ್ಮ ತಲೆಗೆ ಏನೂ ಆಗಿಲ್ಲ."

"ಸಮಾಧಾನಕ್ಕೆ ಹೇಳ್ತೀಯ, ಬಿಡು."

ಒಂಬತ್ತು ಸಾಲಿನ ಮಾತನ್ನು ನಾನು ಆಗಲೂ ಹೇಳಲಿಲ್ಲ. ಸಂಜೆ ಹೋಗಿಬಿಟ್ಟರು, ತಮ್ಮ ತಲೆ ಕೆಟ್ಟಿತ್ತೆಂದೇ ನಂಬಿಕೊಂಡು.