ಬಾಗಿಲಲ್ಲಿ ನಿಂತು ಕೇಳಿದ ಯುದ್ಧ

ಎದುರುಮನೆಯ ಅಕ್ಕ ನಮ್ಮ ಬಾಗಿಲಲ್ಲಿ ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಲ್ಲುತ್ತಿದ್ದಳು. ಗದ್ದೆಯ ಕೆಸರು ಒಣಗಿ ಬೂದಿಬಣ್ಣಕ್ಕೆ ತಿರುಗಿದ, ಹಿಮ್ಮಡಿ ಒಡೆದ ಪಾದಗಳು. ಒಳಗೆ ಬಾ ಅಂದರೆ ಬರುತ್ತಿರಲಿಲ್ಲ. "ಕಾಲಾಗ ರಾಡಿ ಐತ್ರಿ. ಸುದ್ದಿ ನಿಂತ ಕೇಳಿದ್ರ ಲಗೂನ ಮುಗಿತೈತಿ" ಅನ್ನುವಳು.

ಅದು ಎರಡು ಸಾವಿರದ ಮೂರರ ಮಾರ್ಚ್. ನಮ್ಮೂರು ಮರಳಿಯಲ್ಲಿ ಕಾಲುವೆ ನೀರಿನ ಎರಡನೇ ಬೆಳೆ ಮೊಣಕಾಲೆತ್ತರ ನಿಂತಿತ್ತು. ಅಕ್ಕ ಹೆಣ್ಣಾಳುಗಳ ಗುಂಪು ಕಟ್ಟಿಕೊಂಡು ಸಸಿ ಹಚ್ಚಲು, ಕಳೆ ತೆಗೆಯಲು ಹೋಗುವವಳು. ತಾಯಿ ಇಲ್ಲದ ತಮ್ಮನನ್ನು ಸೊಂಟದ ಮೇಲೆ ಹೊತ್ತು ಬೆಳೆಸಿದ್ದಳು. ಆ ತಮ್ಮ ಈಗ ಕುವೈತಿನಲ್ಲಿ ಯಾರದೋ ಮನೆಯ ಕಾರು ಓಡಿಸುತ್ತಿದ್ದ. ಪಕ್ಕದ ಇರಾಕಿನಲ್ಲಿ ಯುದ್ಧ ಹತ್ತಿದ್ದೇ ಅವನ ಫೋನು ಬರುವುದು ನಿಂತಿತು.

ನಮ್ಮ ಓಣಿಯಲ್ಲಿ ಕೇಬಲ್ ಟಿ.ವಿ. ಇದ್ದದ್ದು ನಮ್ಮ ಮನೆಯಲ್ಲಿ ಮಾತ್ರ; ಅಕ್ಕ ದಿನಾ ಸುದ್ದಿ ಕೇಳಲು ಬರುವಳು. ನಾನು ಸಾಲಿ ಮಾಸ್ತರ. ಚಿಂತೆ ಮಾಡುವುದರಲ್ಲಿ ಮಾತ್ರ ಹೆಡ್‌ಮಾಸ್ತರ. ಆ ತಿಂಗಳು ನನಗೆ ಪುರುಸೊತ್ತೇ ಇರಲಿಲ್ಲ. ಇರಾಕಿನ ಬಾಂಬು ನಮ್ಮ ಪೆಟ್ರೋಲಿಗೆ ಏನು ಮಾಡುತ್ತದೋ, ಚೀನಾದ ಹೊಸ ಜ್ವರ ಗಂಗಾವತಿ ಬಸ್ ಹತ್ತಿ ಬಂದರೆ ಹೇಗೋ, ಇವೆರಡರ ನಡುವೆ ಆಫ್ರಿಕಾದಲ್ಲಿ ವಿಶ್ವಕಪ್ಪಿನ ಫೈನಲ್ಲು ಬೇರೆ. ಹೆಂಡತಿ ನನ್ನ ಕೆಮ್ಮು ಕೇಳಿ, "ಚೀನಾದ್ದಲ್ಲ, ನಿನ್ನಿ ತಿಂದ ಮಿರ್ಚೀದು" ಅಂದಿದ್ದಳು.

ಫೈನಲ್ ಸೋತ ರಾತ್ರಿ ಓಣಿಯೆಲ್ಲ ತೆಪ್ಪಗಿತ್ತು. ಅಕ್ಕ ಬಂದು, "ಯಾರ್ ಸತ್ತಾರ್ರಿ?" ಅಂದಳು.

"ಯಾರೂ ಇಲ್ಲ ಅಕ್ಕ. ಆಟ ಸೋತ್ವಿ."

"ಮಾಸ್ತರ, ನೀವು ಒಂದ ಚಿಂತಿ ಹಿಡ್ಕೋರಿ. ಕೈಯಾಗ ಸಸಿ ಸಿವುಡು ಭಾಳ ಹಿಡದ್ರ ಹಚ್ಚಾಕ ಕೈ ಎಲ್ಲಿರತೈತಿ?"

ಅವಳು ಹಿಡಿದದ್ದು ಒಂದೇ, ತಮ್ಮನ ಚಿಂತೆ. ಆದರೆ ಅದೂ ಅವಳ ಕೈಯಲ್ಲಿ ನಿಲ್ಲುತ್ತಿರಲಿಲ್ಲ. ಸುದ್ದಿ ಮುಗಿಯುವವರೆಗೆ ಸೆರಗಿನ ತುದಿ ಸುತ್ತುವಳು, ಬಿಚ್ಚುವಳು.

ಅವತ್ತು ಟಿ.ವಿ.ಯಲ್ಲಿ ಯುದ್ಧದ ಊರನ್ನು ಕತ್ತಲೆಯಲ್ಲೂ ಕಾಣುವ ಅದೇನೋ ಕ್ಯಾಮೆರಾದಿಂದ ತೋರಿಸಿದರು. ಪರದೆಯೆಲ್ಲ ಹಸಿರೋ ಹಸಿರು. ಅಕ್ಕನ ಕೈ ಸೆರಗಿನ ಮೇಲೆ ನಿಂತಿತು.

"ಅಲ್ಲೂ ಭತ್ತ ಹಚ್ಯಾರೇನ್ರಿ?"

ತಿದ್ದುವುದೇ ನನ್ನ ಕಸುಬು. ಬಾಯಿ ತೆರೆದೆ. ಹೆಂಡತಿ ನನ್ನ ತೊಡೆ ಚಿವುಟಿದಳು. ಬಾಯಿ ಮುಚ್ಚಿದೆ.

"ಹಸರ ಐತಿ ಅಂದ್ರ ನೀರ ಐತಿ. ನೀರ ಇದ್ದಲ್ಲಿ ಮನಷಾಗ ಏನೂ ಆಗೂದಿಲ್ಲ ಬಿಡ್ರಿ" ಎಂದು ಅಕ್ಕ ಹೋದಳು. ಮರುದಿನ ಗದ್ದೆಯ ಹೆಣ್ಣುಮಕ್ಕಳೆಲ್ಲ ಯುದ್ಧದ ಊರಲ್ಲಿ ಪೈರು ಛಲೋ ಐತಂತ ಎಂದು ಮಾತಾಡಿಕೊಂಡರು. ಅವಳು ನೆಮ್ಮದಿಯಾಗಿದ್ದಷ್ಟೂ ನಾನು ಹೊರಳಾಡಿದೆ. ನಾಳೆ ಕೆಟ್ಟ ಸುದ್ದಿ ಬಂದರೆ ಈ ಹಸಿರಿಗೆ ಯಾರು ಜವಾಬು ಹೇಳುವುದು?

ವಾರ ಕಳೆದ ಮೇಲೆ ಮೂಲೆಯ ಕಿರಾಣಿ ಅಂಗಡಿಗೆ ತಮ್ಮನ ಫೋನು ಬಂತು. ಅಕ್ಕ ಕಳೆ ಬಿಟ್ಟು ಓಡಿದಳು. ಬರುವಾಗ ಸೀದಾ ನಮ್ಮ ಬಾಗಿಲಿಗೇ ಬಂದಳು.

"ಆರಾಮ ಅದಾನ್ರಿ. ಭತ್ತ ಎಷ್ಟ ಎತ್ತರ ಆಗೇತೋ ಅಂದ್ನಿ. ನಕ್ಕ. ಇಲ್ಲಿ ಬರೇ ಉಸುಕ ಐತಿ ಅಕ್ಕ ಅಂದ." ನನ್ನ ಕಡೆ ನೋಡಿ, "ನಿಮಗ ಗೊತ್ತಿತ್ತು" ಅಂದಳು.

ನಾನು ಗೋಡೆಯ ಕ್ಯಾಲೆಂಡರ್ ನೋಡಿದೆ.

"ಹೇಳಲಿಲ್ಲ, ಛಲೋ ಮಾಡಿದ್ರಿ. ನನಗ ವಾರ ನಿದ್ದಿ ಹತ್ತಿತು. ನಿಮಗ?"

"ಇಲ್ಲ."

"ಅಯ್ಯ, ನನ್ನ ಚಿಂತೀನೂ ನೀವ ಹೊತ್ರೇನು" ಎಂದು ಮೊದಲ ಬಾರಿ ಒಳಗೆ ಬಂದು ಹೆಂಡತಿ ಕೊಟ್ಟ ಚಹಾ ಕುಡಿದಳು. ನೆಲದ ಮೇಲೆ ಮೂಡಿದ ಕೆಸರ ಹೆಜ್ಜೆಗಳನ್ನು ತಾನೇ ಒರೆಸಿ ಹೋದಳು.

ತಮ್ಮ ಕೆಲವು ವರ್ಷಗಳ ಮೇಲೆ ಊರಿಗೆ ಬಂದು ಭತ್ತ ಕೊಯ್ಯುವ ಮಷಿನ್ ಓಡಿಸತೊಡಗಿದ. ಅಕ್ಕ ಹೋದ ವರ್ಷ ಹೋದಳು. ಗದ್ದೆಯಿಂದ ಬಂದು, ನೀರು ಕುಡಿದು, ಗೋಡೆಗೆ ಒರಗಿದವಳು ಏಳಲಿಲ್ಲ.

ಮೊನ್ನೆ ಟಿ.ವಿ.ಯಲ್ಲಿ ಮತ್ತೊಂದು ಯುದ್ಧ. ನನಗೀಗ ಬಿ.ಪಿ. ಗುಳಿಗೆಯೂ ಜೊತೆಗಿದೆ. ಸಂಜೆ ಆ ತಮ್ಮ ಬಂದು ಬಾಗಿಲಲ್ಲಿ ನಿಂತ.

"ಊಟ ಆತೇನ್ರಿ ಮಾಸ್ತರ?"

"ಇನ್ನೂ ಇಲ್ಲ. ಯಾಕಪ, ಅಲ್ಲಿ ನಿಮ್ಮವರು ಯಾರರ ಅದಾರೇನು?"

"ಯಾರೂ ಇಲ್ರಿ. ಅಕ್ಕ ಇದ್ದಾಗನ ಹೇಳಿಟ್ಟಿದ್ಲು. ಎಲ್ಲೆರ ಯುದ್ಧ ಹತ್ತಿದ್ರ ಮಾಸ್ತರನ್ನ ಒಂದೀಟ ನೋಡಿ ಬಾ, ಅವ್ರಿಗೆ ನಿದ್ದಿ ಹತ್ತೂದಿಲ್ಲ ಅಂತ."

ಒಳಗೆ ಬಾ ಅಂದೆ. ಕಾಲಾಗ ರಾಡಿ ಐತ್ರಿ ಅಂದ. ಒಂದು ಪಾದದ ಮೇಲೆ ಇನ್ನೊಂದು ಪಾದ ಇಟ್ಟುಕೊಂಡು ನಿಂತೇ ಇದ್ದ. ನಾನು ಟಿ.ವಿ. ಆರಿಸಿ ಹೊರಗಿನ ಕಟ್ಟೆಯ ಮೇಲೆ ಅವನನ್ನೂ ಕೂರಿಸಿಕೊಂಡು ಕೂತೆ.