ಬೆನ್ನಿಗೆ ಬೆನ್ನು ಕೊಟ್ಟ ವರ್ಗ

ಖಟಕ್-ಪಟಕ್, ಖಟಕ್-ಪಟಕ್. ಬನಹಟ್ಟಿಯ ಆ ಓಣಿಯಲ್ಲಿ ಒಂದು ಮಗ್ಗ ಶುರುವಾದರೆ ಸಾಕು, ಗೋಡೆಯಾಚೆಗಿನ ಮಗ್ಗ ಓಗೊಡುತ್ತದೆ, ಅದಕ್ಕೆ ಮತ್ತೊಂದು. ಸ್ವಲ್ಪ ಹೊತ್ತಿಗೆ ಓಣಿಗೆ ಓಣಿಯೇ ಒಂದೇ ಉಸಿರಿನಲ್ಲಿ ಬಡಿಯತೊಡಗುತ್ತದೆ. ಸುಂದರವ್ವನ ಬಾಡಿಗೆ ಕೋಣೆಯ ಗೂಡಿನಲ್ಲಿಟ್ಟ ಸ್ಟೀಲ್ ಲೋಟ ದಿನವಿಡೀ ಸಣ್ಣಗೆ ನಡುಗುತ್ತಲೇ ಇರುತ್ತಿತ್ತು. ಬಂದ ಹೊಸತರಲ್ಲಿ ಆ ಸದ್ದಿಗೆ ತಲೆ ಸಿಡಿಯುತ್ತಿತ್ತು. ನಾಲ್ಕು ತಿಂಗಳಲ್ಲಿ ಎಷ್ಟು ರೂಢಿಯಾಗಿತ್ತೆಂದರೆ, ಕರೆಂಟು ಹೋಗಿ ಮಗ್ಗ ನಿಂತರೆ ಅವಳಿಗೆ ಎಚ್ಚರವಾಗುತ್ತಿತ್ತು.

ಸುಂದರವ್ವ ಚಿಮ್ಮಡದವಳು. ಹತ್ತನೆಯ ಇಯತ್ತೆಯವರೆಗೆ ಕನ್ನಡದಲ್ಲೇ ಓದಿ, ಜಮಖಂಡಿಯ ಕಾಲೇಜಿನಲ್ಲಿ ಬಿ.ಎಸ್ಸಿ. ಮಾಡಿದವಳು. ಅಲ್ಲಿ ಪಾಠವೆಲ್ಲ ಇಂಗ್ಲಿಷಿನಲ್ಲಿ. ಇಡೀ ಮೊದಲ ವರ್ಷ ಅವಳು ವರ್ಗದಲ್ಲಿ ಬಾಯಿ ತೆರೆದಿರಲಿಲ್ಲ. ಬಿ.ಎಡ್. ಮುಗಿಸಿ ಬಂದಾಗ, ೧೯೮೪ರ ಜೂನಿನಲ್ಲಿ, ಬನಹಟ್ಟಿಯ ಒಂದು ಹೈಸ್ಕೂಲಿನವರು ಎಂಟನೆಯ ಇಯತ್ತೆಗೆ ಇಂಗ್ಲಿಷ್ ಮಾಧ್ಯಮದ ಒಂದು ವರ್ಗ ತೆರೆದಿದ್ದರು. ಅದರ ವಿಜ್ಞಾನಕ್ಕೆ ಹಳೆಯ ಮಾಸ್ತರರು ಯಾರೂ ಒಪ್ಪಲಿಲ್ಲ. ಹೊಸಬಳೆಂದು ಅವಳ ಕೊರಳಿಗೆ ಬಿತ್ತು.

ಮೊದಲ ದಿನವೇ ಅವಳೊಂದು ಕಾನೂನು ಮಾಡಿದಳು: ವರ್ಗದೊಳಗೆ ಕನ್ನಡ ಆಡುವಂತಿಲ್ಲ, ಆಡಿದವರು ಪಾಠ ಮುಗಿಯುವ ತನಕ ನಿಲ್ಲಬೇಕು. ಮಕ್ಕಳು ಅದನ್ನು ಶಿಸ್ತು ಎಂದುಕೊಂಡರು. ಅದು ಹೆದರಿಕೆಯೆಂಬುದು ಅವಳಿಗೊಬ್ಬಳಿಗೇ ಗೊತ್ತಿತ್ತು. ಮಕ್ಕಳು ಕನ್ನಡದಲ್ಲಿ ಏನಾದರೂ ಕೇಳಿದರೆ ತಾನೂ ಕನ್ನಡಕ್ಕೆ ಜಾರಿಬಿಡುತ್ತೇನೆ, ಜಾರಿದರೆ ತಿರುಗಿ ಹತ್ತಲಾಗುವುದಿಲ್ಲ ಎಂಬ ಹೆದರಿಕೆ. ಪುಸ್ತಕ ನೋಡಿ ಓದುವಳು, ಬೋರ್ಡಿನ ಮೇಲೆ ಬರೆಯುವಳು. ಮೂವತ್ತೆರಡು ಮಕ್ಕಳು ತಲೆ ಬಗ್ಗಿಸಿ ಬರೆದುಕೊಳ್ಳುವರು. ಅವರಲ್ಲಿ ಹೆಚ್ಚಿನವರು ನೇಕಾರರ ಮನೆಯವರು.

ಹೆಡ್‌ಮಾಸ್ತರ ಬಾಳಾಸಾಹೇಬರು ಒಂದು ದಿನ ಬಾಗಿಲಲ್ಲಿ ನಿಂತು ಕೇಳಿ, ಹೊರಗೆ ಕರೆದರು.

“ಅಕ್ಕೋರ, ನಿಮ್ಮ ವರ್ಗ ಗುಡಿಗಿಂತ ಶಾಂತ ಐತಲ್ರಿ. ಗುಡಿಯಾಗರ ಗಂಟಿ ಬಾರಸ್ತಾರ.”

ಸುಂದರವ್ವ ಕೈಯಲ್ಲಿದ್ದ ಪುಸ್ತಕ ಮುಚ್ಚಿದಳು. ಅವರೇ ಮುಂದುವರಿಸಿದರು.

“ನೇಕಾರ ಮಕ್ಕಳಿಗೆ ಈ ಇಂಗ್ಲಿಷ್ ತಲಿಗೆ ಹತ್ತೂದಲ್ಲ ಅಂತ ಕಮಿಟಿಯವ್ರು ಅನ್ನಾಕತ್ತಾರ. ದೀಪಾವಳಿ ಸೂಟಿಗಿಂತ ಮೊದಲ ನಾ ಒಂದ ದಿನ ಬಂದು ಕುಂದ್ರತೇನಿ. ಹುಡುಗ್ರು ಬಾಯಿ ಬಿಟ್ರ ಛಲೋ ಆತು. ಇಲ್ಲಂದ್ರ ಎಲ್ಲಾರನ್ನೂ ಕನ್ನಡ ವರ್ಗಕ್ಕ ಕೂಡಿಸಿ, ಇದನ್ನ ಮುಚ್ಚೂದು.”

ವರ್ಗ ಮುಚ್ಚಿದರೆ ಅವಳ ನೌಕರಿಯೂ ಮುಗಿದಂತೆ. ಗಂಟು ಕಟ್ಟಿಕೊಂಡು ಚಿಮ್ಮಡದ ಬಸ್ಸು ಹತ್ತಬೇಕು. ಆದರೆ ಅಂದು ಕೋಣೆಗೆ ಮರಳುವ ದಾರಿಯುದ್ದಕ್ಕೂ ಅವಳ ಕಿವಿಯಲ್ಲಿ ಉಳಿದದ್ದು ‘ನೇಕಾರ ಮಕ್ಕಳಿಗೆ’ ಎಂಬ ಮಾತು. ಮಕ್ಕಳ ಬಾಯಿಗೆ ಬೀಗ ಹಾಕಿದವಳು ತಾನು. ಮಾತು ಬಂದದ್ದು ಅವರ ಮೇಲೆ.

ಆ ರವಿವಾರ ಮಧ್ಯಾಹ್ನ ಕರೆಂಟು ಹೋಯಿತು. ಓಣಿ ಒಮ್ಮೆಲೇ ಮೌನವಾಯಿತು. ಆ ಮೌನದಲ್ಲಿ ಪಕ್ಕದ ನೇಕಾರ ದಶರಥನ ಮನೆಯಿಂದ ಎರಡು ದನಿಗಳು ಕೇಳಿಬಂದವು.

“ಎರಡ ಬಿಡು, ಒಂದ ಹೊಡಿ. ಮೂರ ಬಿಡು, ಎರಡ ಹೊಡಿ.”

“ತಡಿ ಅಪ್ಪಾ. ಮೂರ ಬಿಟ್ಟು ಎರಡಲಾ?”

“ಹೂಂ ಬೇ. ಮುಂದ, ಐದ ಬಿಡು.”

“ಐದ ಬಿಟ್ಟೆ.”

ಆ ಎರಡನೆಯ ದನಿ ಲಗಮವ್ವನದು. ಮೂರನೆಯ ಬೆಂಚಿನ ಲಗಮವ್ವ. ಅವಳ ದನಿ ಹೇಗಿದೆಯೆಂದು ಸುಂದರವ್ವನಿಗೆ ಇಂದಿನವರೆಗೆ ಗೊತ್ತೇ ಇರಲಿಲ್ಲ.

ಎದ್ದು ಹೋಗಿ ಬಾಗಿಲಲ್ಲಿ ನಿಂತಳು. ದಶರಥ ಚೌಕಳಿ ಹಾಳೆಯ ಮೇಲೆ ಬರೆದ ಸೀರೆದಡಿಯ ನಕ್ಷೆಯನ್ನು ಬೆಳಕಿಗೆ ಹಿಡಿದು ಓದುತ್ತಿದ್ದ. ಮಗಳು ಅವನ ಬೆನ್ನಿಗೆ ಬೆನ್ನು ಮಾಡಿ ಕುಳಿತು, ಉದ್ದನೆಯ ರಟ್ಟಿನ ಪಟ್ಟಿಗೆ ತೂತು ಹೊಡೆಯುತ್ತಿದ್ದಳು. ಆ ಪಟ್ಟಿಯನ್ನು ಮಗ್ಗಕ್ಕೆ ಏರಿಸಿದಾಗ, ತೂತು ಬಿದ್ದಂತೆ ಎಳೆ ಏಳುತ್ತದೆ, ಎಳೆ ಎದ್ದಂತೆ ದಡಿಯಲ್ಲಿ ಹೂ ಬೀಳುತ್ತದೆ. ಒಂದು ತೂತು ತಪ್ಪಿದರೆ ಸೀರೆಯುದ್ದಕ್ಕೂ ಹೂ ಕೆಡುತ್ತದೆ. ಅದಕ್ಕೇ ಅಪ್ಪ ಹೇಳಿದ್ದನ್ನು ಮಗಳು ತಿರುಗಿ ಹೇಳದೆ ಹೊಡೆಯುತ್ತಿರಲಿಲ್ಲ.

“ಬೆನ್ನ ಮಾಡಿ ಯಾಕ ಕುಂತೀರಿ, ದಶರಥಣ್ಣ?”

“ಎದರಾಬದರ ಕುಂತ್ರ ಈಕಿ ಹಾಳಿ ನೋಡ್ತಾಳ, ನಾ ಈಕಿ ಕೈ ನೋಡ್ತೇನಿ. ನೋಡಾಕ ಹತ್ತಿದ್ರ ಬಾಯಿ ಸುಮ್ಮನಾಗತೈತ್ರಿ ಅಕ್ಕೋರ. ಬೆನ್ನ ಮಾಡಿದ್ರ ಹೇಳಾಕ ಬೇಕು, ಕೇಳಾಕ ಬೇಕು.”

ಲಗಮವ್ವ ರಟ್ಟನ್ನು ಮಡಿಲಲ್ಲಿ ಮುಚ್ಚಿಕೊಂಡು ತಲೆ ತಗ್ಗಿಸಿದ್ದಳು. ಅಕ್ಕೋರು ಬಂದದ್ದೇ ತಡ, ಅವಳ ದನಿ ಮತ್ತೆ ಅಡಗಿತ್ತು.

ಸೋಮವಾರ ಸುಂದರವ್ವ ಪುಸ್ತಕ ತೆರೆಯಲಿಲ್ಲ. ಮಕ್ಕಳನ್ನು ಇಬ್ಬಿಬ್ಬರಂತೆ ಬೆನ್ನಿಗೆ ಬೆನ್ನು ಕೂಡಿಸಿದಳು. ಒಬ್ಬರ ಕೈಗೆ ವಿದ್ಯುತ್ ಮಂಡಲದ ಚಿತ್ರ: ಒಂದು ಸೆಲ್ಲು, ಒಂದು ಸ್ವಿಚ್ಚು, ಒಂದು ಬಲ್ಬು. ಇನ್ನೊಬ್ಬರ ಕೈಗೆ ಬರೀ ಹಾಳೆ. ಚಿತ್ರವಿದ್ದವರು ಇಂಗ್ಲಿಷಿನಲ್ಲಿ ಹೇಳಬೇಕು. ಹಾಳೆಯವರು ಅದನ್ನು ತಿರುಗಿ ಹೇಳಿ, ಆಮೇಲೆ ಬರೆಯಬೇಕು.

“ಅಕ್ಕೋರ್ರ,” ಹಿಂದಿನ ಬೆಂಚಿನ ಭೀಮಪ್ಪನೆಂದ, “ಅತ್ತಿ ಸೊಸಿ ಜಗಳ ಆಡಿ ಕುಂತಂಗ ಆತಲ್ರಿ.”

ವರ್ಗ ನಕ್ಕಿತು, ನಗೆ ತಟ್ಟನೆ ನಿಂತಿತು. ಭೀಮಪ್ಪ ತಾನೇ ಎದ್ದು ನಿಂತ, ಆಡಿದ್ದು ಕನ್ನಡವಲ್ಲವೆ. ಸುಂದರವ್ವ ಅವನನ್ನು ಕೂಡ್ರಲು ಹೇಳಿದಳು. “ಗೊತ್ತಿಲ್ಲದ ಮಾತು ಕನ್ನಡದಾಗ ಕೇಳ್ರಿ. ನಾ ಬೋರ್ಡಿನ ಮ್ಯಾಲ ಬರದು ಕೊಡ್ತೇನಿ.”

ಒಂದೊಂದೇ ಬಂದವು. ಪಕ್ಕಕ್ಕ ಅನ್ನೂದಕ್ಕ ಏನ್ರಿ? ತಗಲೂದಕ್ಕ ಏನ್ರಿ? ಬೋರ್ಡು ತುಂಬುತ್ತ ಹೋಯಿತು. “ಸೊಟ್ಟ ಅನ್ನೂದಕ್ಕ ಏನ್ರಿ?” ಎಂದೊಬ್ಬರು ಕೇಳಿದಾಗ ಅವಳ ಕೈ ನಿಂತಿತು. ನಾಲ್ಕು ತಿಂಗಳಿಂದ ಹೆದರಿದ್ದು ಈ ಗಳಿಗೆಗೇ.

“ನನಗೂ ಈಗ ನೆನಪಾಗವಲ್ದು. ನಾಳಿಗಿ ನೋಡಿ ಹೇಳ್ತೇನಿ.”

ಯಾರೂ ತಲೆ ಎತ್ತಲಿಲ್ಲ. ಅವರಿಗೆ ಬಲ್ಬಿನ ಅವಸರವಿತ್ತು.

ಅಂದಿನಿಂದ ದಿನಕ್ಕೊಂದು ಚಿತ್ರ. ಹೂವಿನ ಭಾಗಗಳು, ಕಣ್ಣು, ನೀರು ಕಾಸುವ ಕುಪ್ಪಿ. ಮಗ್ಗದ ಸದ್ದನ್ನು ಮೀರಿ ಮಾತಾಡಿ ಬೆಳೆದ ಮಕ್ಕಳು. ಒಮ್ಮೆ ಬಾಯಿ ಬಿಟ್ಟ ಮೇಲೆ ಸಣ್ಣ ದನಿಯೆಂಬುದು ಅವರಿಗೆ ಗೊತ್ತಿರಲಿಲ್ಲ. ಪಕ್ಕದ ವರ್ಗದ ಮಾಸ್ತರರು ಎರಡು ಸಲ ಬಂದು ಬಾಗಿಲು ಮುಚ್ಚಿ ಹೋದರು.

ಸೂಟಿಗೆ ಐದು ದಿನವಿರುವಾಗ ಬಾಳಾಸಾಹೇಬರು ಬಂದು ಕುರ್ಚಿ ಹಾಕಿಸಿಕೊಂಡರು. ಸುತ್ತ ನೋಡಿ, ಲಗಮವ್ವನನ್ನೇ ಎಬ್ಬಿಸಿದರು.

“ವಾಟ್ ಈಸ್ ಆ್ಯನ್ ಎಲೆಕ್ಟ್ರಿಕ್ ಸರ್ಕಿಟ್?”

ಲಗಮವ್ವ ನಿಂತಳು. ತುಟಿ ಅಲುಗಿತು, ದನಿ ಬರಲಿಲ್ಲ. ಆಗ ಹುಡುಗಿ ಮೆಲ್ಲಗೆ ಹೊರಳಿ ಗೋಡೆಗೆ ಮುಖ ಮಾಡಿ, ಹೆಡ್‌ಮಾಸ್ತರಿಗೆ ಬೆನ್ನು ಕೊಟ್ಟು ನಿಂತುಬಿಟ್ಟಳು.

“ಇದೇನ್ರಿ ಅಕ್ಕೋರ? ಹಿರ್ಯಾರಿಗೆ ಬೆನ್ನ ತೋರಸೂದು ಕಲಿಸೀರಿ?”

“ಸರ್,” ಸುಂದರವ್ವನ ದನಿ ಅವಳಿಗೇ ದೂರದಿಂದ ಕೇಳಿಸಿತು, “ಸ್ವಲ್ಪ ಖಡು ಹಿಡಕೊಂಡು ಬೋರ್ಡಿನ ಹಂತ್ಯಾಕ ಬರ್ರಿ. ಆಕಿ ಹೇಳ್ತಾಳ, ನೀವು ಬರೀರಿ.”

ಅವರು ಎದ್ದು ಬಂದು ಸೀಮೆಸುಣ್ಣದ ಖಡು ತೆಗೆದುಕೊಂಡರು.

“ಡ್ರಾ ಒನ್ ಬಿಗ್ ಲೈನ್, ಸರ್,” ಗೋಡೆಯ ಕಡೆಯಿಂದ ದನಿ ಬಂತು. ಮಗ್ಗದ ಸದ್ದನ್ನೂ ಹಾಯ್ದು ಹೋಗುವಂಥ ದನಿ. “ನಿಯರ್ ದಟ್, ಒನ್ ಸ್ಮಾಲ್ ಲೈನ್.”

ಬಾಳಾಸಾಹೇಬರು ಗೀಚಿದರು.

“ಸೇ ಇಟ್ ಬ್ಯಾಕ್, ಸರ್.”

ಅವರು ಗಂಟಲು ಸರಿಮಾಡಿಕೊಂಡರು. “ಒನ್ ಬಿಗ್ ಲೈನ್. ನಿಯರ್ ದಟ್, ಒನ್ ಸ್ಮಾಲ್ ಲೈನ್.”

ಎರಡು ಗೆರೆಯ ಸೆಲ್ಲಾಯಿತು, ತಂತಿಯಾಯಿತು, ಸ್ವಿಚ್ಚಾಯಿತು. ಕೊನೆಗೆ ಬಲ್ಬು. ಲಗಮವ್ವ ತಿರುಗಿ ನೋಡದೆಯೇ ಕೇಳಿದಳು, “ಈಸ್ ದ ವೈರ್ ಟಚಿಂಗ್ ದ ಬಲ್ಬ್, ಸರ್?”

ಬೋರ್ಡಿನ ಮೇಲೆ ತಂತಿಗೂ ಬಲ್ಬಿಗೂ ನಡುವೆ ಒಂದು ಬೆರಳಿನ ಅಂತರವಿತ್ತು.

“ಸರ್ ಅವ್ರ ಬಲ್ಬ್ ಹತ್ತಂಗಿಲ್ಲಲೇ,” ಎಂದು ಭೀಮಪ್ಪ ಪಿಸುಗುಟ್ಟಿದ್ದು ಎಲ್ಲರಿಗೂ ಕೇಳಿಸಿತು.

“ಗೊತ್ತಾತು ಸುಮ್ಕಿರಲೇ,” ಎಂದು ಬಾಳಾಸಾಹೇಬರು ತಂತಿಯನ್ನು ಜೋಡಿಸಿದರು. “ಟಚಿಂಗ್.”

“ನೌ ಕರೆಂಟ್ ಗೋಸ್ ರೌಂಡ್ ಆ್ಯಂಡ್ ಕಮ್ಸ್ ಬ್ಯಾಕ್, ಸರ್. ದಟ್ ಈಸ್ ಸರ್ಕಿಟ್.”

ಅಷ್ಟು ಹೇಳಿ ಲಗಮವ್ವ ಹೊರಳಿದಳು. ಮುಖ ಕೆಂಪಾಗಿತ್ತು. ಹೆಡ್‌ಮಾಸ್ತರು ಬೋರ್ಡನ್ನೇ ಒಂದು ಗಳಿಗೆ ನೋಡಿ, ಖಡುವನ್ನು ಅದರ ಜಾಗದಲ್ಲಿಟ್ಟು ಹೊರಗೆ ನಡೆದರು. ಸುಂದರವ್ವ ಹಿಂದೆಯೇ ಹೋದಳು.

ಪಡಸಾಲೆಯಲ್ಲಿ ಅವರು ಕೈಯ ಪುಡಿ ಝಾಡಿಸಿಕೊಳ್ಳುತ್ತ ನಿಂತಿದ್ದರು. “ಮಾಸ್ತರಕಿಗಿ ಇಪ್ಪತ್ತೆರಡ ವರ್ಷ ಆತ್ರಿ. ಒಂದು ಹುಡುಗಿ ಹೇಳಿದ್ದನ್ನ ನಾ ತಿರಗಿ ಹೇಳಿದ್ದು ಇವತ್ತ ಮೊದಲು.” ವರ್ಗದ ಬಾಗಿಲ ಕಡೆ ನೋಡಿ ಅಂದರು, “ವರ್ಗ ನಡೀಲಿ. ಕಮಿಟಿಯವ್ರಿಗೆ ನಾ ಹೇಳ್ತೇನಿ. ಆದ್ರ ಆ ಬೆನ್ನ ತೋರಸೂದೊಂದು ಬಿಡಸ್ರಿ.”

“ಬಿಡಸ್ತೇನ್ರಿ ಸರ್.” ಗಂಟೆ ಹೊಡೆಯಿತು. ಸುಂದರವ್ವ ಸೆರಗು ಸರಿಮಾಡಿಕೊಂಡು, ಚಿತ್ರಗಳ ಸುರುಳಿಯನ್ನು ಕಂಕುಳಿಗೆ ಸಿಕ್ಕಿಸಿ ಆಗಲೇ ನಡೆಯತೊಡಗಿದ್ದಳು. ಹೋಗುತ್ತ ಹೋಗುತ್ತ ಮುಖ ಅರ್ಧ ತಿರುಗಿಸಿ ಅಂದಳು, “ಒಮ್ಮಿಗೇ ಆಗೂದಲ್ರಿ ಮತ್ತ. ಮೊದಲ ಪಕ್ಕಕ್ಕ ತಿರಗಿಸಿ ಕೂಡಸ್ತೇನಿ, ಸಂಕ್ರಾಂತಿ ಹೊತ್ತಿಗೆ ಎದರ. ಅಷ್ಟರಾಗ ನೀವೂ ಒಂದ ರವಿವಾರ, ಕರೆಂಟ ಹೋದ ಹೊತ್ತಿನ್ಯಾಗ, ನಮ್ಮ ಓಣಿಗಿ ಬಂದು ದಶರಥಣ್ಣನ ಮನಿ ಕಟ್ಟಿ ಮ್ಯಾಲ ಸುಮ್ಮನ ಕುಂತ್ರ, ಬೆನ್ನ ಮಾಡಿದ್ರ ಬಾಯಿ ಯಾಕ ಬಿಚ್ಚತೈತಿ ಅನ್ನೂದು ನಿಮ್ಮ ಕಿವಿಗೇ ಕೇಳಸತೈತ್ರಿ.”